ಆ ಪತ್ರವನ್ನು ಗೋಡೆಗೆ ಹಾಕುವ ಮೊದಲು

ಪುಟ್ಟಿ,

ನಾಳೆ ಬೆಳಗ್ಗೆ ನೀನು ಹೊರಡುತ್ತೀಯ. ನಿನ್ನೆ ರಾತ್ರಿಯ ಜಗಳವನ್ನು ಮತ್ತೆ ಎತ್ತುವುದಿಲ್ಲ. ಜೋರು ಮಾಡಿದ್ದಕ್ಕೆ ನನಗೂ ಬೇಜಾರಿದೆ.

ನಿನ್ನ ಪ್ರದರ್ಶನಕ್ಕೆ ಅಜ್ಜಿಯ ಪತ್ರಗಳು ಬೇಕು ಅಂದೆ. ಅದರಲ್ಲಿ ಒಂದು ಪತ್ರ ನನ್ನನ್ನು ಬಿಡುತ್ತಿಲ್ಲ. ನೀನು ಹುಟ್ಟುವ ಮೊದಲು ಬಂದದ್ದು. 'ಆ ಮಗು ಯಾರ ಪೈಕಿ ಅಂತ ಹೇಳೋದು?' ಅಂತ ಕೇಳಿದ್ದರು. ನಿನ್ನಮ್ಮ ಆಗಷ್ಟೇ ನಮ್ಮ ಅಕ್ಷರ ಕಲಿತಿದ್ದಳು. ಒಂದೊಂದೇ ಅಕ್ಷರ ಕೂಡಿಸಿಕೊಂಡು ಆ ಸಾಲನ್ನು ಓದಿದಳು. ನಾನು ಎದುರಿಗೇ ಕೂತಿದ್ದೆ. ಏನೂ ಕೇಳಲಿಲ್ಲ ಅವಳು. ಅಂಚಿಗೆ ಅಂಚು ಸೇರಿಸಿ, ಮೊದಲಿದ್ದ ಹಾಗೇ ಮಡಿಸಿ ಕೊಟ್ಟಳು. ಆ ಮಡಿಸಿದ ರೀತಿ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಅಷ್ಟು ನಿಧಾನ, ಅಷ್ಟು ಎಚ್ಚರ. ಈಗ ಅದೇ ಸಾಲನ್ನು ಗುರುತಿಲ್ಲದ ಜನ ನಿಂತು ಓದುತ್ತಾರೆ. ಅವಳೂ ಅಲ್ಲೇ ಇರುತ್ತಾಳೆ. ನನ್ನ ಭಯ ಅದೊಂದೇ. ಮನೆತನದ ಮರ್ಯಾದೆ ಅಂತೆಲ್ಲ ಅಲ್ಲ.

ಮೆಕ್ಸಿಕೊದ ಕಲಾವಿದೆ ಫ್ರಿದಾ ಕಾಲೊ 1936ರಲ್ಲಿ ಬಿಡಿಸಿದ ಚಿತ್ರವನ್ನು ನೀನೇ ತೋರಿಸಿದ್ದು. ಪುಟ್ಟ ಫ್ರಿದಾಳ ಕೈಯಲ್ಲೊಂದು ಕೆಂಪು ರಿಬ್ಬನ್. ಅದು ಎರಡೂ ಕಡೆಯ ಅಜ್ಜ ಅಜ್ಜಿಯರವರೆಗೆ ಹೋಗುತ್ತದೆ. ಅಮ್ಮನ ಕಡೆಯವರು ಮೆಕ್ಸಿಕೊದ ನೆಲದ ಮೇಲೆ, ಜರ್ಮನಿಯಿಂದ ಬಂದ ಅಪ್ಪನ ಕಡೆಯವರು ಸಮುದ್ರದ ಮೇಲೆ. ಯಾರನ್ನೂ ಬಿಟ್ಟಿಲ್ಲ. ನಿನ್ನ ಗೋಡೆಯ ಮೇಲೂ ಅಜ್ಜಿ ಬರೀ ಆ ಒಂದು ಸಾಲಾಗಿ ಉಳಿಯಬಾರದು. ನೀನು ಹುಟ್ಟಿದ ಮೇಲೆ ಫೋಟೊ ಕಳಿಸಿ ಅಂತ ಬರೆದವರೂ ಅವರೇ. ಅದನ್ನೂ ಹಾಕು.

ಬೈರೂತಿನಲ್ಲಿ ಹುಟ್ಟಿದ ಕಲಾವಿದೆ ಮೋನಾ ಹಾಟೂಮ್ 1975ರಲ್ಲಿ ಲಂಡನ್‌ಗೆ ಹೋದಾಗ ಲೆಬನಾನ್‌ನಲ್ಲಿ ಯುದ್ಧ ಶುರುವಾಗಿ ಲಂಡನ್‌ನಲ್ಲೇ ಉಳಿದರು. ಬೈರೂತಿನಿಂದ ತಾಯಿ ಬರೆದ ಪತ್ರಗಳನ್ನಿಟ್ಟು 1988ರಲ್ಲಿ ವಿಡಿಯೊ ಮಾಡಿದರು. ತಾಯಿಯ ಫೋಟೊಗಳು, ಮೇಲೆ ಅವರದೇ ಅರಬ್ಬಿ ಕೈಬರಹ, ಜೊತೆಗೆ ಮಗಳ ದನಿ. ಫೋಟೊ ಬಳಸಲು ತಾಯಿ ಒಪ್ಪಿದ್ದು ಕೂಡ ಅದರಲ್ಲೇ ಬರುತ್ತದೆ. ಕೇಳಿದ್ದರಿಂದ ಕೆಲಸದ ತೂಕ ಕಮ್ಮಿ ಆಗಲಿಲ್ಲ, ಅಲ್ವಾ? ನಿನ್ನ ನೋವನ್ನು ಎಷ್ಟು ಬೇಕಾದರೂ ತೋರಿಸು. ಇನ್ನೊಬ್ಬರದನ್ನು ಅವರನ್ನು ಕೇಳಿ ತೋರಿಸು. ಬೇರೆ ಬೇರೆ ಕಡೆಯಿಂದ ಬಂದವರ ಮನೆಯಲ್ಲಿ ಇದು ಇನ್ನೂ ಜಾಸ್ತಿ ಮುಖ್ಯ. ಅಲ್ಲಿ ಒಬ್ಬರ ಕಥೆ ಒಬ್ಬರದೇ ಆಗಿರುವುದಿಲ್ಲ.

'ನೀನು ಯಾವ ಕಡೆಯವಳು' ಅಂತ ಎಷ್ಟು ಜನ ಕೇಳಿದರು. ನೀನು ಮುಖ ತಿರುಗಿಸದೆ ಚಿತ್ರ ಬಿಡಿಸಿದೆ. ಎಂಥ ಹೆಮ್ಮೆ ನನಗೆ, ಹೇಳೋಕೆ ಬರೋದಿಲ್ಲ.

ಪತ್ರಗಳನ್ನು ನಿನ್ನ ಬ್ಯಾಗಿನ ಪಕ್ಕ ಇಟ್ಟಿದ್ದೇನೆ. ಮೂಲ ಹಾಕಬೇಡ, ಬೆಳಕಿಗೆ ಶಾಯಿ ಮಾಸುತ್ತದೆ. ಪ್ರತಿ ತೆಗೆದು ಹಾಕು. ಆ ಒಂದು ಪತ್ರ ಮಾತ್ರ ಅಮ್ಮನ ಹತ್ತಿರ ಇದೆ. ಹೊರಡುವ ಮೊದಲು ಕೇಳು. ಅವಳು ಹೂಂ ಅಂದರೆ ನನ್ನದೇನೂ ಅಡ್ಡಿಯಿಲ್ಲ. ಬೇಡ ಅಂದರೆ ವಾದ ಮಾಡಬೇಡ.

ನಿನ್ನ
ಅಪ್ಪ