ಕಿತ್ತಳೆ ಸುಲಿಯುವಷ್ಟು ಹೊತ್ತು: ಒಬ್ಬ ಯುವ ಬರಹಗಾರನಿಗೆ ಪತ್ರ

ಪ್ರೀತಿಯ ತಮ್ಮ,

ನೀನು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಒಂದು ಸಲ ಬೆಳಿಗ್ಗೆ ಕಾಫಿ ಜೊತೆ, ಇನ್ನೊಂದು ಸಲ ಕೆಂಪು ಪೆನ್ನು ಹಿಡಿದು. ಮೊದಲ ಸಲ ಖುಷಿಯಾಯಿತು. ಅಮೆರಿಕದ ಹಾಸ್ಯನಟ ಆರ್ಟ್ ಕಾರ್ನಿ ಬಗ್ಗೆ ಕನ್ನಡದಲ್ಲಿ ಬರೀಬೇಕು ಅಂತ ನಿನ್ನ ವಯಸ್ಸಿನ ಹುಡುಗನಿಗೆ ಅನಿಸಿತಲ್ಲ, ಯಾರಿಗೆ ತಾನೇ ಖುಷಿಯಾಗಲ್ಲ? ಎರಡನೇ ಸಲ ಇಂಕು ಸ್ವಲ್ಪ ಜಾಸ್ತಿಯೇ ಖರ್ಚಾಯಿತು. ಬೇಜಾರು ಮಾಡ್ಕೋಬೇಡ.

ಮೊದಲು ಶೀರ್ಷಿಕೆ. 'ನಗುವಿನ ಹಿಂದಿನ ಕಣ್ಣೀರು' ಅಂತ ಇಟ್ಟಿದ್ದೀಯ. ಹೊಡೆದು ಹಾಕಿದ್ದೇನೆ. ಯಾವ ಹಾಸ್ಯನಟ ತೀರಿಕೊಂಡರೂ ಮಾರನೇ ದಿನ ಯಾವುದಾದರೂ ಒಂದು ಪೇಪರಿನಲ್ಲಿ ಈ ಶೀರ್ಷಿಕೆ ಇದ್ದೇ ಇರುತ್ತೆ. ಕಾರ್ನಿಗೆ ಮಾತ್ರ ಒಪ್ಪುವಂಥದ್ದು ಹುಡುಕು.

ಆಮೇಲೆ ಮೊದಲ ಪ್ಯಾರಾ. 1918ರಲ್ಲಿ ನ್ಯೂಯಾರ್ಕ್ ರಾಜ್ಯದ ಮೌಂಟ್ ವರ್ನನ್‌ನಲ್ಲಿ ಹುಟ್ಟಿದರು, ಆರು ಜನ ಗಂಡುಮಕ್ಕಳಲ್ಲಿ ಕೊನೆಯವರು, 1975ರಲ್ಲಿ ಆಸ್ಕರ್ ಬಂತು, 2003ರಲ್ಲಿ ಕನೆಟಿಕಟ್‌ನಲ್ಲಿ ತೀರಿಕೊಂಡರು. ಎಲ್ಲಾ ಸರಿಯಾಗೇ ಇದೆ. ಆದರೆ ಓದಿದಾಗ ರೇಷನ್ ಕಾರ್ಡು ನೋಡಿದ ಹಾಗಾಯಿತು.

ನಾನೂ ಹೀಗೇ ಬರೆದಿದ್ದೆ ಕಣೋ. ಮೂವತ್ತು ವರ್ಷದ ಹಿಂದೆ ಒಂದು ವಾರಪತ್ರಿಕೆಗೆ ನಾಟಕ ಕಂಪನಿಯ ಹಿರಿಯ ಹಾಸ್ಯನಟರೊಬ್ಬರ ಪರಿಚಯ ಬರೆದೆ. ಹುಟ್ಟಿದ್ದು, ಕಂಪನಿ ಸೇರಿದ್ದು, ಪ್ರಶಸ್ತಿ, ಸನ್ಮಾನ, ಒಂದೂ ಬಿಟ್ಟಿರಲಿಲ್ಲ. ಅವರು ಓದಿ ಫೋನು ಮಾಡಿ, "ಚೆನ್ನಾಗಿದೆಯಮ್ಮ. ಆದ್ರೆ ಇದರಲ್ಲಿ ನಾನು ಎಲ್ಲಿ ನಗಿಸಿದೆ?" ಅಂದರು. ಅವರ ಜೊತೆ ಎರಡು ಗಂಟೆ ಕೂತಿದ್ದೆ. ಅವರು ಎಲೆಗೆ ಸುಣ್ಣ ಹಚ್ಚುತ್ತಾ, ಸುಣ್ಣದ ಡಬ್ಬಿ ಮುಚ್ಚಳ ಎಲ್ಲಿ ಹೋಯಿತು ಅಂತ ತಮ್ಮ ಮಡಿಲನ್ನೇ ಅನುಮಾನದಿಂದ ನೋಡುತ್ತಿದ್ದ ರೀತಿಗೆ ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕಿದ್ದೆ. ಅದೊಂದನ್ನು ಬಿಟ್ಟು ಉಳಿದದ್ದೆಲ್ಲಾ ಬರೆದಿದ್ದೆ.

ನಿನ್ನ ಲೇಖನದಲ್ಲೂ ಅಂಥ ಒಂದು ಮುಚ್ಚಳ ಇದೆ. ನಾಲ್ಕನೇ ಪುಟದಲ್ಲಿ, ಒಂದೇ ಸಾಲಿನಲ್ಲಿ, ಪಾಪ, ಮೂಲೆಯಲ್ಲಿ ಕೂತಿದೆ. ಕಿತ್ತಳೆ ಹಣ್ಣಿನ ವಿಷಯ.

1950ರ ದಶಕದ ಮೊದಲ ವರ್ಷಗಳು. ಹಾಸ್ಯನಟ ಜ್ಯಾಕಿ ಗ್ಲೀಸನ್ ಅವರ ಟಿವಿ ಕಾರ್ಯಕ್ರಮ ನೇರಪ್ರಸಾರ, ಅದರಲ್ಲಿ 'ದಿ ಹನಿಮೂನರ್ಸ್' ಅನ್ನುವ ಪ್ರಹಸನ. ಎದುರಿಗೆ ಜನ ಕೂತಿದ್ದಾರೆ, ಮನೆಮನೆಯಲ್ಲಿ ಟಿವಿ ಹಾಕಿದ್ದಾರೆ. ಬಸ್ ಡ್ರೈವರ್ ರಾಲ್ಫ್ ಕ್ರಾಮ್ಡನ್ ಆಗಿ ಗ್ಲೀಸನ್ ಒಳಗೆ ಬರಬೇಕು. ಬರಲಿಲ್ಲ. ಅಡುಗೆಮನೆ ಸೆಟ್ಟಿನಲ್ಲಿ ಮೇಲಿನ ಮನೆಯ ಎಡ್ ನಾರ್ಟನ್, ಅಂದರೆ ಕಾರ್ನಿ, ಒಬ್ಬರೇ. ಅವರು ಐಸ್‌ಬಾಕ್ಸ್ ಹತ್ತಿರ ಹೋದರು. ಒಂದು ಕಿತ್ತಳೆ ತೆಗೆದರು. ಮೇಜಿನ ಮುಂದೆ ಕೂತು ಸುಲಿಯುವುದಕ್ಕೆ ಶುರು ಮಾಡಿದರು. ಎರಡು ಮೂರು ನಿಮಿಷ ಅಂತ ಹೇಳುತ್ತಾರೆ. ಜನ ನಗುತ್ತಲೇ ಇದ್ದರಂತೆ.

ನೀನು ಇದನ್ನು 'ಸಮಯಪ್ರಜ್ಞೆ ಮೆರೆದರು' ಅಂತ ಬರೆದು ಮುಂದೆ ಹೋಗಿಬಿಟ್ಟೆ. ನಾನು ಮೊನ್ನೆ ಏನು ಮಾಡಿದೆ ಗೊತ್ತಾ? ಒಂದು ಕಿತ್ತಳೆ ತಗೊಂಡು, ಮೇಜಿನ ಮೇಲೆ ಗಡಿಯಾರ ಇಟ್ಟುಕೊಂಡು ಕೂತೆ. ನಲವತ್ತು ಸೆಕೆಂಡಿಗೆ ಸಿಪ್ಪೆ ಪೂರ್ತಿ ಬಂದುಬಿಟ್ಟಿತು. ಇನ್ನೂ ಒಂದೂವರೆ ನಿಮಿಷ ಬಾಕಿ. ಬಿಳಿ ನಾರು ಒಂದೊಂದೇ ಕಿತ್ತೆ. ತೊಳೆ ಬಿಡಿಸಿದೆ. ಒಂದು ತೊಳೆ ಬಾಯಿಗೆ ಹಾಕಿಕೊಂಡೆ, ಬೀಜ ಸಿಕ್ಕಿತು, ಎಲ್ಲಿ ಹಾಕೋದು ಅಂತ ಸುತ್ತ ನೋಡಿದೆ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನ್ನ ಮೊಮ್ಮಗಳು ಅಲ್ಲಿ ಕಿಸಕ್ಕಂತ ನಕ್ಕಳು. ನಾನು ನಗಿಸುವುದಕ್ಕೆ ಹೋಗಿರಲಿಲ್ಲ. ಬೀಜದ ಚಿಂತೆಯಲ್ಲಿದ್ದೆ. ನಾರ್ಟನ್‌ಗೂ ಆ ಹೊತ್ತಿನಲ್ಲಿ ಹಣ್ಣು ಬಿಟ್ಟರೆ ಪ್ರಪಂಚದಲ್ಲಿ ಬೇರೇನೂ ಇದ್ದಿರಲಾರದು.

ಲೇಖನವನ್ನು ಇಲ್ಲಿಂದ ಶುರು ಮಾಡು. ಹುಟ್ಟಿದ ದಿನಾಂಕ ಎಲ್ಲಿಗೂ ಓಡಿಹೋಗಲ್ಲ.

ಇನ್ನು ಒಂದು ಪದದ ಬಗ್ಗೆ ಸ್ವಲ್ಪ ನಿಲ್ಲಬೇಕು. ನಾರ್ಟನ್ ನ್ಯೂಯಾರ್ಕಿನ ಒಳಚರಂಡಿಯಲ್ಲಿ ಕೆಲಸ ಮಾಡುತ್ತಾನೆ. ನೀನು 'ಪೌರಕಾರ್ಮಿಕ' ಅಂತ ಬರೆದೆ. ನಮ್ಮಲ್ಲಿ ಆ ಪದ, ಅದರ ಜೊತೆ ಮ್ಯಾನ್‌ಹೋಲ್ ಅನ್ನುವ ಪದ ಬಂದ ಕೂಡಲೇ ಜಾತಿ ನೆನಪಾಗುತ್ತೆ, ಗುಂಡಿಯಲ್ಲಿ ಉಸಿರುಕಟ್ಟಿ ಸತ್ತವರು ನೆನಪಾಗುತ್ತಾರೆ. ಓದುಗನಿಗೆ ನಗು ಬರಲ್ಲ, ಬರಲೂಬಾರದು. ನಾರ್ಟನ್ ಕಥೆ ಬೇರೆ. ಅವನಿಗೆ ತನ್ನ ಕೆಲಸದ ಬಗ್ಗೆ ಹೆಮ್ಮೆ, ಯಾವ ಮಾತು ಬಂದರೂ ಚರಂಡಿಯಿಂದಲೇ ಉದಾಹರಣೆ ಕೊಡುತ್ತಾನೆ. ಬಸ್ ಓಡಿಸುವ ರಾಲ್ಫ್‌ಗಿಂತ ತಾನು ಒಂದು ಗುಲಗಂಜಿ ಕಡಿಮೆ ಅಂತ ಅವನಿಗೆ ಅನಿಸಿಯೇ ಇಲ್ಲ. 'ನಗರದ ಒಳಚರಂಡಿಯಲ್ಲಿ ನೌಕರಿ' ಅಂತ ಬರೆ, ಸಾಕು. ಬೇರೆ ದೇಶದ ಹಾಸ್ಯವನ್ನು ಕನ್ನಡಕ್ಕೆ ತರುವಾಗ ಹೀಗೆ ಒಂದು ಪದ ತನ್ನ ಇಡೀ ಸಂಸಾರವನ್ನು ಜೊತೆಗೆ ಕರಕೊಂಡು ಬಂದುಬಿಡುತ್ತೆ.

ಅದಕ್ಕೇ ಸೇರಿದ್ದು, ಗಾಲ್ಫ್ ಪ್ರಸಂಗ. ರಾಲ್ಫ್ ಗಾಲ್ಫ್ ಕಲಿಯಬೇಕು. ನಾರ್ಟನ್ ಪುಸ್ತಕ ಓದಿ ಹೇಳಿಕೊಡುತ್ತಾನೆ. ಹೊಡೆಯುವ ಮೊದಲು 'ಅಡ್ರೆಸ್ ದ ಬಾಲ್' ಅಂತಿದೆ. ಗಾಲ್ಫಿನವರಿಗೆ ಅದರ ಅರ್ಥ ಚೆಂಡಿನ ಮುಂದೆ ಸರಿಯಾಗಿ ನಿಲ್ಲು ಅಂತ. ಇಂಗ್ಲಿಷಿನಲ್ಲಿ ಮಾತಾಡಿಸು ಅಂತಲೂ ಆಗುತ್ತೆ. ನಾರ್ಟನ್ ತುಂಬಾ ಯೋಚನೆ ಮಾಡಿ, ಕೋಲು ಹಿಡಿದು, ಸರಿಯಾಗಿ ನಿಂತು, ಚೆಂಡನ್ನು ನೋಡಿ "ಹಲೋ, ಬಾಲ್!" ಅನ್ನುತ್ತಾನೆ. ನೀನು ಇದನ್ನು 'ನಮಸ್ಕಾರ, ಚೆಂಡೇ!' ಮಾಡಿದ್ದೀಯ. ಅಯ್ಯೋ ದೇವರೇ. ಅದು ಹರಿಕಥೆ ಆಗೋಯ್ತು. 'ಹಲೋ, ಬಾಲ್' ಅನ್ನುವುದು ಕನ್ನಡದವನಿಗೂ ಅರ್ಥವಾಗುತ್ತೆ, ಹಾಗೇ ಬಿಡು. ಅದರ ಬದಲು ಕಾರ್ನಿ ಮೈ ಏನು ಮಾಡುತ್ತೆ ಅಂತ ಬರೆ. ಮಾತು ಬರುವ ಮುಂಚೆ ಅಷ್ಟು ಹೊತ್ತು ಭುಜ ಕುಣಿಸುತ್ತಾರಲ್ಲ, ಸೊಂಟ ತಿರುಗಿಸುತ್ತಾರಲ್ಲ, ನಗು ಅಲ್ಲೇ ಹುಟ್ಟಿಕೊಂಡಿರುತ್ತೆ. ಕಾಗದಕ್ಕೆ ಸಹಿ ಹಾಕುವ ದೃಶ್ಯಗಳಲ್ಲೂ ಹಾಗೇ. ತೋಳು ಝಾಡಿಸಿ, ಬೆರಳು ಆಡಿಸಿ, ಪೆನ್ನು ಕಾಗದದ ಹತ್ತಿರ ತಂದು, ಮತ್ತೆ ಹಿಂದಕ್ಕೆ. ರಾಲ್ಫ್ ಕಿರುಚುವ ತನಕ ಅಕ್ಷರ ಬೀಳಲ್ಲ.

ಈ ಕಂತುಗಳನ್ನು ನಾವು ಇವತ್ತು ಇಷ್ಟು ಚೊಕ್ಕವಾಗಿ ನೋಡುವುದಕ್ಕೆ ಕಾರಣ ನೀನು ಬರೆದಿಲ್ಲ, ಸೇರಿಸು. 1955-56ರಲ್ಲಿ 'ದಿ ಹನಿಮೂನರ್ಸ್' ಅರ್ಧ ಗಂಟೆಯ ಬೇರೆ ಕಾರ್ಯಕ್ರಮವಾಯಿತು, ಸಿಬಿಎಸ್ ಚಾನೆಲ್‌ನಲ್ಲಿ 39 ಕಂತು. ಆದರೆ ಚಿತ್ರೀಕರಣ ಆಗಿದ್ದು ಮ್ಯಾನ್‌ಹ್ಯಾಟನ್‌ನ ಅಡೆಲ್ಫಿ ಥಿಯೇಟರಿನಲ್ಲಿ, ಪ್ರೇಕ್ಷಕರ ಎದುರು, ಡುಮಾಂಟ್ ಕಂಪನಿಯ ಎಲೆಕ್ಟ್ರಾನಿಕ್ಯಾಮ್ ಅನ್ನುವ ಕ್ಯಾಮೆರಾದಲ್ಲಿ. ಟಿವಿ ಕ್ಯಾಮೆರಾ, ಫಿಲಂ ಕ್ಯಾಮೆರಾ ಎರಡೂ ಒಂದರಲ್ಲೇ. ಹಾಗಾಗಿ ಅದು ಟಿವಿ ಅಂದರೂ ನಾಟಕವೇ. ಗ್ಲೀಸನ್‌ಗೆ ರಿಹರ್ಸಲ್ ಅಂದರೆ ಆಗುತ್ತಿರಲಿಲ್ಲ. ಮಾತು ಮರೆತರೆ ಹೊಟ್ಟೆ ತಟ್ಟಿಕೊಳ್ಳುತ್ತಿದ್ದರು, ಜೊತೆಯವರು ಕೈ ಹಿಡಿಯಬೇಕು ಅಂತ ಅದು ಸೂಚನೆ. ಆ ಜೊತೆಯವರು ಅಂದರೆ ಹೆಚ್ಚಾಗಿ ಕಾರ್ನಿ, ಇಲ್ಲದಿದ್ದರೆ ರಾಲ್ಫ್ ಹೆಂಡತಿ ಆಲಿಸ್ ಪಾತ್ರದ ಆಡ್ರಿ ಮೆಡೋಸ್.

ಇಲ್ಲಿಗೆ ನನ್ನ ಮುಖ್ಯ ತಕರಾರು ಬರುತ್ತೆ. ನೀನು ಕಾರ್ನಿಯನ್ನು 'ಪೋಷಕ ನಟ' ಅಂತ ಐದು ಸಲ ಕರೆದಿದ್ದೀಯ, ಎಣಿಸಿದೆ. ಅಮೆರಿಕದ ರಂಗಭೂಮಿಯವರು ಇಂಥವರಿಗೆ 'ಸೆಕೆಂಡ್ ಬನಾನಾ' ಅಂತಾರೆ, ಎರಡನೇ ಬಾಳೆಹಣ್ಣು. ಹೆಸರೇನೋ ಮಜವಾಗಿದೆ. ಆದರೆ ಆ ಎರಡನೆಯವನು ಮಾಡುವ ಕೆಲಸ ಏನು ಅಂತ ನೀನು ತೋರಿಸಿಲ್ಲ.

ಕ್ವಿಜ್ ಕಾರ್ಯಕ್ರಮದ ಕಂತನ್ನು ಇನ್ನೊಂದು ಸಲ ನೋಡು, 1956ರ ಜನವರಿಯದ್ದು. ರಾಲ್ಫ್ ಟಿವಿ ಸ್ಪರ್ಧೆಯಲ್ಲಿ ಜನಪ್ರಿಯ ಹಾಡುಗಳ ವಿಷಯ ಆರಿಸಿಕೊಂಡಿದ್ದಾನೆ, 99,000 ಡಾಲರ್ ಕನಸು ಕಾಣುತ್ತಿದ್ದಾನೆ. ಮನೆಗೆ ಪಿಯಾನೋ ತರಿಸುತ್ತಾನೆ. ನಾರ್ಟನ್ ನುಡಿಸಬೇಕು, ರಾಲ್ಫ್ ಹಾಡು ಗುರುತಿಸಬೇಕು. ನಾರ್ಟನ್‌ಗೆ ಒಂದು ಚಟ. ಯಾವ ಹಾಡು ನುಡಿಸಬೇಕಾದರೂ ಮೊದಲು 'ಸ್ವಾನಿ ರಿವರ್' ಹಾಡಿನ ಒಂದು ತುಣುಕು ನುಡಿಸಿ ಕೈ ಬಿಸಿ ಮಾಡಿಕೊಳ್ಳುತ್ತಾನೆ. ಒಂದು ಸಲ, ಎರಡು ಸಲ, ಪ್ರತಿ ಸಲ. ರಾಲ್ಫ್‌ಗೆ ತಲೆ ಕೆಡುತ್ತೆ, ನೋಡುವವನಿಗೂ ಕೆಡುತ್ತೆ. ಕೊನೆಗೆ ಸ್ಪರ್ಧೆ. ಸಾವಿರಾರು ಹಾಡು ಬಾಯಿಪಾಠ ಮಾಡಿದ ರಾಲ್ಫ್ ಎದುರು ಮೊದಲನೇ ಪ್ರಶ್ನೆಗೆ ಬರುವುದು ಅದೇ ಹಾಡು. ಬರೆದವರು ಯಾರು? ರಾಲ್ಫ್ ಬೆವರುತ್ತಾನೆ, ತಡವರಿಸುತ್ತಾನೆ. "ಎಡ್ ನಾರ್ಟನ್?"

ಆ ನಗು ಯಾರದು ಹೇಳು? ಪರದೆ ಮೇಲೆ ಗ್ಲೀಸನ್ ಮುಖ ಇದೆ. ಚಪ್ಪಾಳೆ ಅವರಿಗೆ. ಆದರೆ ಆ ಹೆಸರು ಬಾಯಿಂದ ಬಿದ್ದಾಗ ಜನ ಎದ್ದು ನಗಬೇಕಾದರೆ, ಅದಕ್ಕೂ ಮೊದಲು ಯಾರೋ ಒಬ್ಬರು ಪಿಯಾನೋ ಮುಂದೆ ಕೂತು ಅದೇ ತುಣುಕನ್ನು ನುಡಿಸಿ ನುಡಿಸಿ ನಮಗೆ ಕಿರಿಕಿರಿ ಮಾಡಿರಬೇಕು. ಅದೂ ಹೇಗೆ? ಇದು ಆಮೇಲೆ ಉಪಯೋಗಕ್ಕೆ ಬರುತ್ತೆ ಅನ್ನುವ ಸುಳಿವು ಮುಖದಲ್ಲಿ ಇರಬಾರದು. ಕಾರ್ನಿ ಹೆಪ್ಪು ಹಾಕಿ ಹೋಗಿರುತ್ತಾರೆ, ಮೊಸರು ಗ್ಲೀಸನ್ ಎಲೆಗೆ ಬೀಳುತ್ತೆ. ಕಥೆಗಾರನಾಗಬೇಕು ಅಂತೀಯಲ್ಲ, ಈ ಕಂತನ್ನು ಕಾಗದ ಪೆನ್ನು ಇಟ್ಟುಕೊಂಡು ನೋಡು. ಪಿಯಾನೋ ಎಷ್ಟನೇ ನಿಮಿಷಕ್ಕೆ ಬಂತು, ಆ ತುಣುಕು ಎಷ್ಟು ಸಲ ಬಂತು, ಯಾವಾಗ ಸುಮ್ಮನಾಯಿತು, ಬರೆದುಕೋ.

ಶುರುವಿನ ದಿನಗಳನ್ನು ನೀನು ಒಂದೂವರೆ ಪುಟ ಎಳೆದಿದ್ದೀಯ, ಅಷ್ಟು ಬೇಡ. ಹೊರೇಸ್ ಹೈಟ್ ಬ್ಯಾಂಡಿನ ಜೊತೆ ಊರೂರು ತಿರುಗಿದ್ದು, ರೇಡಿಯೋದಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಧ್ವನಿ ಅನುಕರಣೆ ಮಾಡಿದ್ದು, ಎರಡು ವಾಕ್ಯ ಸಾಕು. ನಾರ್ಟನ್ ತಲೆ ಮೇಲಿನ ಆ ಸೊಟ್ಟ ಹ್ಯಾಟು ಕಾರ್ನಿ ಶಾಲೆಯ ದಿನಗಳಲ್ಲಿ ಕೊಂಡಿದ್ದು ಅನ್ನುವುದನ್ನು ಮಾತ್ರ ಬಿಡಬೇಡ.

1965ರ ಭಾಗ ಕಷ್ಟದ್ದು. ನಿನಗೂ ಕಷ್ಟವಾಗಿದೆ ಅಂತ ಕಾಣುತ್ತೆ, ವಾಕ್ಯಗಳು ತೊದಲುತ್ತವೆ. ಆ ವರ್ಷ ಮಾರ್ಚ್ 10ಕ್ಕೆ ನ್ಯೂಯಾರ್ಕಿನ ಬ್ರಾಡ್‌ವೇಯ ಪ್ಲಿಮತ್ ಥಿಯೇಟರಿನಲ್ಲಿ 'ದಿ ಆಡ್ ಕಪಲ್' ನಾಟಕ ಶುರುವಾಯಿತು. ನೀಲ್ ಸೈಮನ್ ಬರೆದದ್ದು, ಮೈಕ್ ನಿಕೋಲ್ಸ್ ನಿರ್ದೇಶನ. ವಾಲ್ಟರ್ ಮ್ಯಾಥೌ ಗಲೀಜು ಆಸ್ಕರ್ ಪಾತ್ರದಲ್ಲಿ, ಕಾರ್ನಿ ಅಚ್ಚುಕಟ್ಟಿನ ಫೀಲಿಕ್ಸ್ ಪಾತ್ರದಲ್ಲಿ. ಹೆಂಡತಿ ಮನೆಯಿಂದ ಆಚೆ ಹಾಕಿದ ಗಂಡಸು ಗೆಳೆಯನ ಮನೆಗೆ ಬಂದು, ಅದನ್ನು ಗುಡಿಸಿ ಒರೆಸಿ, ಗೆಳೆಯನ ಜೀವ ತಿನ್ನುವ ಕಥೆ. ಅದೇ ವರ್ಷ ಕಾರ್ನಿಯ ಇಪ್ಪತ್ತೈದು ವರ್ಷದ ಮದುವೆ ಮುರಿಯಿತು. ಕುಡಿತ ಮೊದಲಿಂದ ಇತ್ತು. ಮನಸ್ಸು ಕುಸಿಯಿತು, ನಾಟಕ ಬಿಟ್ಟು ಆಸ್ಪತ್ರೆ ಸೇರಿದರು. ಮ್ಯಾಥೌಗೆ ರಂಗಭೂಮಿಯ ಟೋನಿ ಪ್ರಶಸ್ತಿ ಬಂತು. ಫೀಲಿಕ್ಸ್ ಪಾತ್ರ ಸಿನಿಮಾದಲ್ಲಿ ಜ್ಯಾಕ್ ಲೆಮನ್‌ಗೆ, ಟಿವಿಯಲ್ಲಿ ಟೋನಿ ರಾಂಡಲ್‌ಗೆ ಹೋಯಿತು.

ಇದಿಷ್ಟನ್ನೂ ಹೀಗೇ ಒಣಗಿದ ದನಿಯಲ್ಲಿ ಹೇಳಿ ಮುಂದೆ ಹೋಗು. 'ವಿಧಿಯ ಕ್ರೂರ ವ್ಯಂಗ್ಯ' ಬೇಡ. ನೋವಿದ್ದದ್ದರಿಂದಲೇ ನಗಿಸಿದರು ಅಂತಲೂ ಬರೀಬೇಡ. ನೋವು ಬಂದಾಗ ಅವರಿಗೆ ರಂಗದ ಮೇಲೆ ನಿಲ್ಲೋದಕ್ಕೇ ಆಗಲಿಲ್ಲ, ಅಲ್ವಾ? ನಡೆದದ್ದು ಅದು.

ಯುದ್ಧದ ಪ್ಯಾರಾ ಚೆನ್ನಾಗಿದೆ, ಆದರೆ ಜಾಗ ತಪ್ಪಿದೆ. ಎರಡನೇ ಮಹಾಯುದ್ಧದಲ್ಲಿ, 1944ರಲ್ಲಿ, ಫ್ರಾನ್ಸಿನ ನಾರ್ಮಂಡಿಯಲ್ಲಿ ಸಿಡಿಗುಂಡಿನ ಚೂರು ಕಾಲಿಗೆ ಬಿತ್ತು, ಬದುಕಿರುವವರೆಗೂ ಕುಂಟು ಉಳಿಯಿತು. ನೀನು ಅದನ್ನು ಎರಡನೇ ಪುಟದಲ್ಲಿ ಹೇಳಿ ಮರೆತುಬಿಟ್ಟೆ. ಅದನ್ನು ಎತ್ತಿಕೊಂಡು ಬಂದು 1974ರ 'ಹ್ಯಾರಿ ಅಂಡ್ ಟೊಂಟೊ' ಸಿನಿಮಾದ ಜಾಗದಲ್ಲಿ ಇಡು. ನ್ಯೂಯಾರ್ಕಿನಲ್ಲಿದ್ದ ಕಟ್ಟಡ ಕೆಡವಿದ ಮೇಲೆ ಬೆಕ್ಕಿನ ಜೊತೆ ದೇಶ ಸುತ್ತುವ 72 ವರ್ಷದ ನಿವೃತ್ತ ಮೇಷ್ಟರ ಪಾತ್ರ. ಕಾರ್ನಿಗೆ ಆಗ 55ರ ಆಸುಪಾಸು. ಮೀಸೆ ಬಿಟ್ಟರು, ಕೂದಲು ಬೆಳ್ಳಗೆ ಮಾಡಿಕೊಂಡರು, ತಮ್ಮದೇ ಶ್ರವಣಯಂತ್ರ ಹಾಕಿಕೊಂಡರು. ಕುಂಟನ್ನು ಮುಚ್ಚಿಕೊಳ್ಳಲಿಲ್ಲ. ಆ ಕಾಲಿನಲ್ಲೇ ನಡೆದು ಹೋಗಿ ಆಸ್ಕರ್ ತಗೊಂಡರು. ಆ ಸಲ ಕಣದಲ್ಲಿ ಅಲ್ ಪಚೀನೋ, ಜ್ಯಾಕ್ ನಿಕೋಲ್ಸನ್, ಡಸ್ಟಿನ್ ಹಾಫ್‌ಮನ್, ಆಲ್ಬರ್ಟ್ ಫಿನ್ನಿ ಇದ್ದರು. ನೀನು ಆ ನಾಲ್ವರ ಬಗ್ಗೆ ಒಂದು ಪ್ಯಾರಾ ಬರೆದಿದ್ದೀಯ, ಹೆಸರು ಹೇಳಿದರೆ ಸಾಕು, ಓದುಗನಿಗೆ ಗೊತ್ತು ಅವರು ಯಾರು ಅಂತ.

ತಿದ್ದಿದ ಪ್ರತಿ ಅಂಚೆಗೆ ಹಾಕುತ್ತಿದ್ದೇನೆ. ಮೂರನೇ ಪುಟದ ಹಳದಿ ಕಲೆ ಕಿತ್ತಳೆಯದ್ದು, ಕ್ಷಮಿಸು. ಭಾನುವಾರ ಮನೆಯಲ್ಲೇ ಇರ್ತೀನಿ. ಆ ಕ್ವಿಜ್ ಕಂತಿನ ಲೆಕ್ಕ ಬರೆದುಕೊಂಡು ಊಟದ ಹೊತ್ತಿಗೆ ಬಾ. ತುಣುಕು ಎಷ್ಟು ಸಲ ಬಂತು ಅಂತ ನನ್ನ ಲೆಕ್ಕ ನಾನೂ ಬರೆದಿಟ್ಟಿದ್ದೇನೆ, ತಾಳೆ ನೋಡೋಣ.

ನಿನ್ನ
ಅಕ್ಕ