ಕಳ್ಳ ಒಳಗೆ ಬಂದದ್ದು ಹೇಗೆ ಎಂಬುದನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ಮನೆಗಳ್ಳತನದ ಸುದ್ದಿಯಲ್ಲಿ ಏನೇನು ಕಳವಾಯಿತು, ಅದರ ಬೆಲೆ ಎಷ್ಟು ಎಂಬ ವಿವರ ತಪ್ಪದೆ ಇರುತ್ತದೆ. ಕಳ್ಳ ಒಳಗೆ ಬಂದದ್ದು ಹೇಗೆ ಎಂಬುದು ಮಾತ್ರ ‘ಬಾಗಿಲು ಮುರಿದು’ ಎಂಬ ಎರಡು ಪದದಲ್ಲಿ ಮುಗಿದುಹೋಗುತ್ತದೆ. ಮುರಿದದ್ದು ಯಾವುದು? ಬೀಗವೇ, ಬೀಗ ಹಾಕಿದ ಪಟ್ಟಿಯೇ, ದಾರಂದವೇ, ಕೀಲೇ? ಓದುಗರಿಗೆ ನಿಜವಾಗಿ ಉಪಯೋಗಕ್ಕೆ ಬರುವ ಸಂಗತಿ ಅದು. ಅದು ತಿಳಿಯದ ಕಾರಣ ಸುದ್ದಿ ಓದಿದವರು ಇನ್ನಷ್ಟು ದೊಡ್ಡ ಬೀಗ ಕೊಂಡು ತಂದು ಅದೇ ಸಡಿಲ ಪಟ್ಟಿಗೆ ತೂಗುಹಾಕುತ್ತಾರೆ. ಬೀಗ, ಬಾಗಿಲು, ವಾಹನದ ಕೀಲಿಗಳ ಕಸುಬು ಬಲ್ಲವರಾಗಿ ನಾವು ಈ ಪತ್ರ ಬರೆಯುತ್ತಿದ್ದೇವೆ.

ಒದ್ದೋ ಸಲಾಕೆಯಿಂದ ಮೀಟಿಯೋ ತೆಗೆದ ಬಾಗಿಲನ್ನು ಹತ್ತಿರದಿಂದ ನೋಡಿದರೆ ಬೀಗ ಎಷ್ಟೋ ಸಲ ಸರಿಯಾಗಿಯೇ ಇರುತ್ತದೆ. ಸೋತಿರುವುದು ಎದುರಿನ ದಾರಂದ. ಬೀಗದ ನಾಲಿಗೆ ಹೋಗಿ ಕೂರುವ ಜಾಗದಲ್ಲಿ ಒಂದು ತೆಳು ಲೋಹದ ಪಟ್ಟಿ ಇರುತ್ತದೆ. ಸ್ಟ್ರೈಕ್ ಪ್ಲೇಟ್ ಎನ್ನುವುದು ಅದಕ್ಕೇ. ಬೀಗದ ಜೊತೆ ಪೆಟ್ಟಿಗೆಯಲ್ಲಿ ಬರುವ ಸ್ಕ್ರೂಗಳು ಸಾಮಾನ್ಯವಾಗಿ 20ರಿಂದ 25 ಮಿ.ಮೀ. ಉದ್ದದವು. ಅವು ಮರದ ಮೇಲ್ಪದರವನ್ನಷ್ಟೇ ಹಿಡಿದಿರುತ್ತವೆ. ಭುಜ ಕೊಟ್ಟು ಕೆಲವು ಸಲ ಗುದ್ದಿದರೆ ಪಟ್ಟಿಯೂ ಅದರ ಹಿಂದಿನ ಮರದ ಚೆಕ್ಕೆಯೂ ಒಟ್ಟಿಗೇ ಕಿತ್ತುಬರುತ್ತವೆ. ಇದಕ್ಕೆ ಬೇಕಾದದ್ದು ದಪ್ಪ ಉಕ್ಕಿನ ಉದ್ದನೆಯ ಪಟ್ಟಿ ಒಂದು, 75 ಮಿ.ಮೀ. ಸ್ಕ್ರೂ ನಾಲ್ಕೋ ಆರೋ. 5 ಮಿ.ಮೀ. ದಪ್ಪದ ಸ್ಕ್ರೂಗೆ ಮೆದು ಮರದಲ್ಲಿ 3, ಗಟ್ಟಿ ಮರದಲ್ಲಿ 3.5 ಮಿ.ಮೀ. ಡ್ರಿಲ್ ಬಿಟ್‌ನಿಂದ ಮೊದಲು ತೂತು ಹೊಡೆಯಬೇಕು. ತೂತು ಹೊಡೆಯದೆ ನೇರವಾಗಿ ಬಿಗಿದರೆ ಮರ ಎಳೆಯುದ್ದಕ್ಕೂ ಸೀಳುತ್ತದೆ, ಸೀಳಿದ ದಾರಂದ ಮೊದಲಿಗಿಂತಲೂ ದುರ್ಬಲ. ದಾರಂದವೇ ತೆಳುವಾಗಿದ್ದರೆ ಮರ ದಾಟಿ ಗೋಡೆ ಹಿಡಿಯುವ ಆ್ಯಂಕರ್ ಬೋಲ್ಟ್ ಬೇಕು. ಮರದ ಸ್ಕ್ರೂ ಗಾರೆಯಲ್ಲಿ ನಿಲ್ಲುವುದಿಲ್ಲ.

ನಾಲಿಗೆ ಪೂರ್ತಿ ಹೊರಗೆ ಬರುತ್ತದೆಯೇ ಎಂಬುದನ್ನೂ ನೋಡಬೇಕು. ಗಟ್ಟಿ ನಾಲಿಗೆ ಕಡಿಮೆಯೆಂದರೂ 25 ಮಿ.ಮೀ. ದಾರಂದದೊಳಗೆ ಹೋಗಬೇಕು. ಬಡಗಿ ಅವಸರದಲ್ಲಿ ತೂತನ್ನು 15 ಮಿ.ಮೀ. ಆಳಕ್ಕೆ ನಿಲ್ಲಿಸಿದ್ದರೆ ನಾಲಿಗೆ ಅರ್ಧದಲ್ಲೇ ನಿಲ್ಲುತ್ತದೆ. ಕೊನೆಯವರೆಗೆ ಹೋದಾಗ ಮಾತ್ರ ಅದು ಒಳಗೆ ಜಾಮ್ ಆಗಿ ನಿಲ್ಲುವುದರಿಂದ, ಅರ್ಧಕ್ಕೆ ನಿಂತದ್ದನ್ನು ಹೊರಗಿನಿಂದ ಹಿಂದಕ್ಕೆ ತಳ್ಳಬಹುದು. ನಾಲಿಗೆಯ ತುದಿಗೆ ಸೀಮೆಸುಣ್ಣ ಬಳಿದು ಒಮ್ಮೆ ಬೀಗ ಹಾಕಿ ತೆಗೆಯಿರಿ. ತೂತಿನ ತಳದಲ್ಲಿ ಬಿಳಿ ಗುರುತು ಬಿದ್ದಿದ್ದರೆ ಆಳ ಸಾಲದು ಎಂದೇ ಅರ್ಥ. ಬಾಗಿಲು ಎಳೆದರೆ ತಾನೇ ಬೀಳುವ ಸ್ಪ್ರಿಂಗ್ ನಾಲಿಗೆಯನ್ನಂತೂ ಬೀಗವೆಂದು ಎಣಿಸಲೇಬೇಡಿ. ಕೆಲವು ಬೀಗಗಳಲ್ಲಿ ಅದರ ಪಕ್ಕಕ್ಕೆ ಒಂದು ಸಣ್ಣ ಕಡ್ಡಿ ಇರುತ್ತದೆ. ಬಾಗಿಲು ಮುಚ್ಚಿದಾಗ ಆ ಕಡ್ಡಿ ಪಟ್ಟಿಯ ಲೋಹಕ್ಕೆ ಒತ್ತಿಕೊಂಡು ಒಳಗೆ ಹೋಗಿರಬೇಕು, ಆಗಷ್ಟೇ ನಾಲಿಗೆ ಹಿಂದೆ ಸರಿಯದಂತೆ ತಡೆಯಾಗುತ್ತದೆ. ಬಾಗಿಲು ಜೋತುಬಿದ್ದೋ ಪಟ್ಟಿಯ ತೂತು ಅಗಲವಾಗಿಯೋ ಕಡ್ಡಿಯೂ ತೂತಿಗೆ ಬಿದ್ದರೆ ಒಂದು ಪ್ಲಾಸ್ಟಿಕ್ ಕಾರ್ಡು ತೂರಿಸಿ ಬಾಗಿಲು ತೆಗೆಯಬಹುದು.

ಹೊರಗೆ ತೂಗುವ ಬೀಗದ ದೊಡ್ಡ ದೋಷ, ಮನೆಯಲ್ಲಿ ಯಾರೂ ಇಲ್ಲವೆಂದು ಅದು ರಸ್ತೆಗೆ ಸಾರಿಹೇಳುತ್ತದೆ. ಬಾಗಿಲೊಳಗೆ ಕೂರುವ ಬೀಗದಿಂದ ಆ ಸುದ್ದಿ ಹೊರಬೀಳದು. ತೂಗುಬೀಗವೇ ಅನಿವಾರ್ಯವಾದರೆ ಕೊಂಡಿ ಗಿಡ್ಡ ಇರಲಿ, ಸಲಾಕೆ ತೂರುವಷ್ಟು ಸಂದು ಉಳಿಯಬಾರದು. ಚಿಲಕ ಮತ್ತು ಪಟ್ಟಿಯನ್ನು ಸ್ಕ್ರೂ ಬದಲು ಬಾಗಿಲನ್ನು ದಾಟಿ ಹೋಗುವ ಬೋಲ್ಟ್‌ನಿಂದ ಕೂಡಿಸಿ. ಹೊರಗಡೆ ನುಣುಪಾದ ಗುಂಡು ತಲೆ, ಒಳಗಡೆ ಅಗಲ ವಾಷರ್ ಮತ್ತು ನಟ್ಟು. ಹೊರಗೆ ಸ್ಕ್ರೂ ತಲೆ ಕಾಣುತ್ತಿದ್ದರೆ ಬೀಗ ಎಷ್ಟೇ ಬಲವಾಗಿದ್ದರೂ ಸ್ಕ್ರೂಡ್ರೈವರ್ ಒಂದೇ ಸಾಕು.

ಹೊರಕ್ಕೆ ತೆರೆಯುವ ಬಾಗಿಲಿನ ಕೀಲುಗಳು ಹೊರಗಿನವರ ಕೈಗೆ ಸಿಗುತ್ತವೆ, ಕೀಲಿನ ಕಡ್ಡಿ ತಟ್ಟಿ ತೆಗೆದರೆ ಬೀಗ ಹಾಕಿರುವಾಗಲೇ ಬಾಗಿಲು ಕಳಚುತ್ತದೆ. ಕೀಲಿನ ಎರಡು ಹಾಳೆಗಳಲ್ಲಿ ಎದುರುಬದುರಾಗಿರುವ ಒಂದೊಂದು ಸ್ಕ್ರೂ ತೆಗೆಯಿರಿ. ದಾರಂದದ ಕಡೆಯ ತೂತಿಗೆ ತಲೆ ಕತ್ತರಿಸಿದ ಗಟ್ಟಿ ಸ್ಕ್ರೂ ಹಾಕಿ, 10 ಮಿ.ಮೀ. ಹೊರಗೆ ಚಾಚಿಕೊಳ್ಳುವಂತೆ ಬಿಡಿ. ಎದುರಿನ ತೂತನ್ನು ಅದು ಹೋಗಿ ಕೂರುವಷ್ಟು ಕೊರೆಯಿರಿ. ಇನ್ನು ಕೀಲಿಕೈ ಹಾಕುವ ಸಿಲಿಂಡರ್, ಬಾಗಿಲಿನ ಮೇಲೆ ಅದರ ಸುತ್ತ ಕೂರಿಸಿದ ತಗಡಿನಿಂದ 3 ಮಿ.ಮೀ.ಗಿಂತ ಹೆಚ್ಚು ಹೊರಗೆ ಬಂದಿರಬಾರದು. ಅದರ ನಡುವೆ ಸ್ಕ್ರೂ ಹಾಯುವ ಜಾಗವೇ ಅತಿ ತೆಳು. ಹೊರಗೆ ಚಾಚಿದ ತುದಿ ಹಿಡಿತಕ್ಕೆ ಸಿಕ್ಕರೆ ಅಲ್ಲಿಗೇ ಎರಡು ತುಂಡಾಗುತ್ತದೆ. ಬದಲಿಸಲು ಇಡೀ ಬೀಗ ಬೇಕಿಲ್ಲ, ಬಾಗಿಲಿನ ದಪ್ಪ ಅಳೆದು ಸರಿಯಾದ ಉದ್ದದ ಸಿಲಿಂಡರ್ ತಂದರಾಯಿತು.

ಜಾರುವ ಕಿಟಕಿಗೆ ಕೆಳಗಿನ ಹಳಿಯಲ್ಲಿ ಕೋಲು ಇಟ್ಟು ನೆಮ್ಮದಿಯಾಗಿರುವವರು ಬಹಳ. ಕೋಲು ಜಾರುವುದನ್ನು ತಡೆಯುತ್ತದೆ, ಎತ್ತುವುದನ್ನು ತಡೆಯುವುದಿಲ್ಲ. ಮೇಲಿನ ಹಳಿಯಲ್ಲಿ ಎರಡು ಸ್ಕ್ರೂ ಹಾಕಿ, ಕಿಟಕಿ ಸರಾಗವಾಗಿ ಓಡಲು 2-3 ಮಿ.ಮೀ. ಮಾತ್ರ ಸಂದು ಉಳಿಸಿದರೆ ಕಿಟಕಿಯನ್ನು ಹಳಿಯಿಂದ ಎತ್ತಿ ಕಳಚಲಾಗದು. ಕಂಬಿ ಹಾಕಿಸುವವರಲ್ಲಿ ಒಂದು ವಿನಂತಿ: ಮಲಗುವ ಕೋಣೆಯ ಒಂದು ಕಿಟಕಿಯ ಕಂಬಿಯಾದರೂ ಒಳಗಿನಿಂದ ತೆಗೆಯುವಂತಿರಲಿ. ಬೆಂಕಿ ಬಿದ್ದಾಗ ಮನೆಯವರೇ ಒಳಗೆ ಸಿಕ್ಕಿಕೊಂಡರೆ ಆ ಭದ್ರತೆ ಯಾರಿಗಾಗಿ? ಬಾಗಿಲಿಗೆ ಹೊಂದಿ ಗಾಜು ಇದ್ದರೆ ಒಳಗಿನಿಂದಲೂ ಕೀಲಿಕೈ ಬೇಕಾಗುವ ಬೀಗ ಹಾಕಿಸುವುದುಂಟು. ಹಾಕಿಸಿದರೆ ಮನೆಯಲ್ಲಿ ಜನರಿರುವಾಗ ಕೀಲಿಕೈ ಎಲ್ಲರಿಗೂ ತಿಳಿದ ಒಂದೇ ಜಾಗದಲ್ಲಿರಬೇಕು, ಒಡೆದ ಗಾಜಿನಿಂದ ಚಾಚಿದ ಕೈಗೆ ಎಟುಕಬಾರದು. ನಮ್ಮನ್ನು ಕೇಳಿದರೆ ಗಾಜಿಗೆ ಲ್ಯಾಮಿನೇಟ್ ಹಾಳೆ ಅಂಟಿಸುವುದೇ ಮೇಲು.

ಕ್ಯಾಮೆರಾ ಇದೆಲ್ಲ ಆದ ಮೇಲಿನ ಮಾತು. ನಾಲ್ಕು ಮೀಟರ್ ಎತ್ತರದ ಕ್ಯಾಮೆರಾಗೆ ಕಾಣುವುದು ಟೋಪಿ, ನೆತ್ತಿ. ಒಂದನ್ನಾದರೂ ಬಾಗಿಲ ಬಳಿ ಮುಖದ ಮಟ್ಟಕ್ಕೆ ಇಡಿ. ಚಲನೆಗೆ ಹೊತ್ತಿಕೊಳ್ಳುವ ದೀಪವನ್ನು ಎರಡು, ಎರಡೂವರೆ ಮೀಟರ್ ಎತ್ತರದಲ್ಲಿ, ಬರುವವನು ಅದರ ಮುಂದೆ ಅಡ್ಡ ಹಾಯುವಂತೆ ಕೂರಿಸಬೇಕು. ನೇರ ಎದುರಿಗೆ ಬರುವವನನ್ನು ಆ ಸೆನ್ಸರ್ ತಡವಾಗಿ ಗುರುತಿಸುತ್ತದೆ.

ಬಾಗಿಲಿಗೆ ಬಂದು ಬಾಯಿಮಾತಲ್ಲೇ ಮೋಸ ಮಾಡುವವರ ಮುಂದೆ ಈ ಸ್ಕ್ರೂ ಬೋಲ್ಟ್ ಯಾವುದೂ ನಡೆಯುವುದಿಲ್ಲ, ಏಕೆಂದರೆ ಅಲ್ಲಿ ಬಾಗಿಲು ತೆಗೆಯುವುದು ಮನೆಯವರೇ. ಅವರ ಬಂಡವಾಳ ಎರಡು: ಸಮವಸ್ತ್ರ ಮತ್ತು ಅವಸರ. ನೀರಿನ ಪೈಪು, ವಿದ್ಯುತ್ ಮೀಟರು, ಗ್ಯಾಸ್ ಸೋರಿಕೆ ಪರೀಕ್ಷಿಸಬೇಕು ಎನ್ನುತ್ತಾ ಇಬ್ಬರು ಬರುತ್ತಾರೆ. ಒಬ್ಬ ಅಡುಗೆಮನೆಯಲ್ಲಿ ನಲ್ಲಿ ಬಿಡಿಸಿ ‘ನೋಡ್ತಾ ಇರಿ, ಬಣ್ಣ ಬದಲಾದರೆ ಹೇಳಿ’ ಎಂದು ನಿಲ್ಲಿಸಿಕೊಂಡರೆ ಇನ್ನೊಬ್ಬ ಕೋಣೆ ಸುತ್ತುತ್ತಾನೆ. ಗುರುತಿನ ಚೀಟಿ ನೋಡಿದ ಮಾತ್ರಕ್ಕೆ ನಂಬಬೇಡಿ, ಅದನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ಚೀಟಿಯ ಮೇಲಿನ ನಂಬರಿಗೂ ಕರೆ ಮಾಡಬೇಡಿ, ಆ ಕಡೆ ಫೋನ್ ಎತ್ತುವವನೂ ಅವರವನೇ ಇರಬಹುದು. ನಿಮ್ಮ ಹಳೆಯ ಬಿಲ್ಲಿನಲ್ಲಿರುವ ನಂಬರಿಗೆ ಕರೆ ಮಾಡಿ, ಅಷ್ಟು ಹೊತ್ತೂ ಬಾಗಿಲು ಮುಚ್ಚಿರಲಿ. ನಿಜವಾದ ನೌಕರ ಕಾಯುತ್ತಾನೆ, ಇಲ್ಲವೇ ಇನ್ನೊಂದು ದಿನ ಬರುತ್ತಾನೆ. ‘ಈಗಲೇ ಆಗಬೇಕು, ಇಲ್ಲದಿದ್ದರೆ ಸಂಪರ್ಕ ಕಡಿತ’ ಎಂದನೋ, ಮಾತು ಅಲ್ಲಿಗೇ ನಿಲ್ಲಿಸಿ.

ಮುಂಬಾಗಿಲ ಗಂಟೆ ಬಾರಿಸಿದಾಗ ಹಿಂಬಾಗಿಲು ಹಾಕಿದೆಯೇ ಎಂದು ಮೊದಲು ನೋಡುವುದು ಒಳ್ಳೆಯದು. ಬಾಗಿಲಿನ ಸರಪಣಿಯ ಬಗ್ಗೆ ಅತಿಯಾದ ನಂಬಿಕೆ ಬೇಡ. 12 ಮಿ.ಮೀ. ಸ್ಕ್ರೂನಲ್ಲಿ ನೇತಾಡುವ ಸರಪಣಿ ಒಂದು ತಳ್ಳಿಗೆ ಕಿತ್ತುಬರುತ್ತದೆ. ಉದ್ದ ಸ್ಕ್ರೂ ಹಾಕಿದ ಉಕ್ಕಿನ ಪಟ್ಟಿಯ ತಡೆ ಅದಕ್ಕಿಂತ ಗಟ್ಟಿ. ‘ಅರ್ಜೆಂಟ್, ಒಂದು ಕಾಲ್ ಮಾಡಬೇಕು’ ಎಂದವರಿಗೆ ಮೊಬೈಲ್ ಕೊಡದೆ ನೀವೇ ನಂಬರ್ ಒತ್ತಿ ಸ್ಪೀಕರ್ ಹಾಕಿ. ನೀವು ತರಿಸದ ಪಾರ್ಸೆಲ್ ಹಿಡಿದು ಬಂದವನು ‘ಕ್ಯಾನ್ಸಲ್ ಮಾಡಲು ಒಟಿಪಿ ಹೇಳಿ’ ಎಂದರೆ ಹೇಳಬೇಡಿ, ಆ ಸಂಖ್ಯೆ ನಿಮ್ಮ ಯಾವುದೋ ಖಾತೆಯ ಬಾಗಿಲು ತೆರೆಯುವುದಕ್ಕೆ ಬಂದಿರುತ್ತದೆ.

ಒಡವೆಗೆ ಹೊಳಪು ಕೊಡುತ್ತೇವೆ ಎಂದು ಬರುವವರ ಕೈಚಳಕದ ಹಿಂದಿರುವುದು ರಸಾಯನಶಾಸ್ತ್ರ. ಹೈಡ್ರೋಕ್ಲೋರಿಕ್ ಆಮ್ಲ ಮೂರು ಪಾಲು, ನೈಟ್ರಿಕ್ ಆಮ್ಲ ಒಂದು ಪಾಲು ಕೂಡಿದ ದ್ರಾವಣ ಚಿನ್ನವನ್ನೇ ಕರಗಿಸುತ್ತದೆ. ಅದರಲ್ಲಿ ಅದ್ದಿ ತೆಗೆದ ಸರ ಮೇಲ್ನೋಟಕ್ಕೆ ಹಾಗೆಯೇ ಇರುತ್ತದೆ, ತೂಕ ಇಳಿದಿರುತ್ತದೆ. ಕರಗಿದ ಚಿನ್ನ ಅವರ ಬಟ್ಟಲಿನಲ್ಲಿ ಹೋಗುತ್ತದೆ, ಆಮೇಲೆ ಅದನ್ನು ಬೇರ್ಪಡಿಸಿಕೊಳ್ಳುತ್ತಾರೆ. ಇನ್ನು ಕೆಲವರು ಒಡವೆಯನ್ನು ಡಬ್ಬಿಗೆ ಹಾಕಿದಂತೆ ಮಾಡಿ, ಅರ್ಧ ಗಂಟೆ ಮುಚ್ಚಳ ತೆಗೆಯಬೇಡಿ ಎಂದು ಹೇಳಿ ಹೊರಡುತ್ತಾರೆ. ಆ ಅರ್ಧ ಗಂಟೆ ಅವರಿಗೆ ದೂರ ಹೋಗಲು ಬೇಕಾದ ಸಮಯ. ಬಾಗಿಲಲ್ಲಿ ಒಡವೆ ಬಿಚ್ಚಿ ಕೊಡುವ ಕೆಲಸ ಯಾವುದೇ ಕಾರಣಕ್ಕೂ ಬೇಡ.

ಕಳ್ಳರು ಮನೆ ಗುರುತಿಸಲು ಗೋಡೆಯ ಮೇಲೆ ಬರೆಯುತ್ತಾರೆನ್ನುವ ಸೀಮೆಸುಣ್ಣದ ಗುರುತುಗಳ ಪಟ್ಟಿ ಮೊಬೈಲ್‌ಗಳಲ್ಲಿ ಹರಿದಾಡುತ್ತಿರುತ್ತದೆ. ಅದಕ್ಕೆ ತಲೆಕೆಡಿಸಿಕೊಳ್ಳುವ ಬದಲು ಬಾಗಿಲ ಸಂದಿಗೆ ಸಿಕ್ಕಿಸಿದ ಕರಪತ್ರಕ್ಕೆ ಗಮನ ಕೊಡಿ. ಎರಡು ದಿನವಾದರೂ ಅದು ಅಲ್ಲೇ ಇದ್ದರೆ ಮನೆ ಖಾಲಿ ಎಂಬುದು ಯಾರಿಗಾದರೂ ಗೊತ್ತಾಗುತ್ತದೆ. ಊರಿಗೆ ಹೋಗುವಾಗ ಅದನ್ನು ತೆಗೆಯಲು ಪಕ್ಕದ ಮನೆಯವರಿಗೆ ಹೇಳಿ ಹೋಗಿ.

ಇನ್ನು ವಾಹನ. ಕೀಲಿಕೈ ಜೇಬಿನಲ್ಲಿದ್ದರೆ ಸಾಕು ತೆರೆದುಕೊಳ್ಳುವ ಕಾರು, ಕೀಲಿ ಹತ್ತಿರ ಬಂತೇ ಎಂದು ಸಣ್ಣ ರೇಡಿಯೋ ಸಂಕೇತ ಕಳಿಸಿ ಕೇಳುತ್ತದೆ, ಕೀಲಿ ಉತ್ತರ ಕೊಡುತ್ತದೆ. ಇದು ಒಂದೆರಡು ಮೀಟರ್ ಅಂತರದ ಮಾತು. ಕಳ್ಳರಲ್ಲಿ ಒಬ್ಬ ಕಾರಿನ ಬಳಿ, ಇನ್ನೊಬ್ಬ ಮನೆಬಾಗಿಲ ಬಳಿ ಉಪಕರಣ ಹಿಡಿದು ನಿಂತರೆ ಆ ಸಂಕೇತ ಗೋಡೆ ದಾಟಿ ಒಳಗಿನ ಕೀಲಿಯನ್ನು ಮುಟ್ಟುತ್ತದೆ. ಕಾರಿಗೆ ಕೀಲಿ ಪಕ್ಕದಲ್ಲೇ ಇದೆ ಎನಿಸುತ್ತದೆ. ಒಮ್ಮೆ ಎಂಜಿನ್ ಶುರುವಾದ ಮೇಲೆ ಕೀಲಿ ದೂರವಾದರೂ ಅದು ನಿಲ್ಲುವುದಿಲ್ಲ. ನಡುರಸ್ತೆಯಲ್ಲಿ ಆಫ್ ಆಗದಿರಲಿ ಎಂದು ತಯಾರಕರೇ ಹಾಗೆ ಮಾಡಿರುತ್ತಾರೆ. ಹೀಗಾಗಿ ಕೀಲಿಯನ್ನು ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಬೇಡಿ, ಸಂಕೇತ ತಡೆಯುವ ಲೋಹದೆಳೆಯ ಚೀಲದಲ್ಲಿಡಿ. ಕೊಂಡು ತಂದ ಚೀಲವನ್ನು ಪರೀಕ್ಷಿಸದೆ ನಂಬಬೇಡಿ: ಕೀಲಿ ಹಾಕಿ ಮುಚ್ಚಿ ಕಾರಿನ ಪಕ್ಕ ನಿಂತು ಹಿಡಿಕೆ ಎಳೆಯಿರಿ. ತೆರೆದುಕೊಂಡರೆ ಚೀಲ ಕೆಲಸಕ್ಕೆ ಬಾರದು. ಮಡಿಕೆ ಬೀಳುವ ಕಡೆ ಒಳಗಿನ ಎಳೆಗಳು ಕಡಿದುಹೋಗುವುದರಿಂದ ತಿಂಗಳಿಗೊಮ್ಮೆ ಹೀಗೆ ನೋಡಬೇಕು. ಎರಡನೆಯ ಕೀಲಿಯನ್ನು ಹೆಚ್ಚಿನವರು ಮರೆಯುತ್ತಾರೆ, ಅದಕ್ಕೂ ಚೀಲ ಬೇಕು.

ರಿಮೋಟ್ ಒತ್ತಿ ಬೆನ್ನು ತಿರುಗಿಸಿ ಹೋಗುವ ಅಭ್ಯಾಸ ಬಿಡಿ. ಅದೇ ತರಂಗಾಂತರದಲ್ಲಿ ಗದ್ದಲ ಎಬ್ಬಿಸುವ ಉಪಕರಣ ಹತ್ತಿರದಲ್ಲಿದ್ದರೆ ನಿಮ್ಮ ಆಜ್ಞೆ ಕಾರಿಗೆ ತಲುಪುವುದೇ ಇಲ್ಲ. ದೀಪ ಮಿನುಗಿತೇ, ಕನ್ನಡಿ ಮಡಚಿತೇ ಎಂದು ನೋಡಿಯೇ ಹೊರಡಿ. ಹಿಡಿಕೆ ಎಳೆದು ನೋಡುವ ಹಳೆಯ ಕ್ರಮ ಜೇಬಿನ ಕೀಲಿಗೆ ತೆರೆಯುವ ಕಾರಿನಲ್ಲಿ ತಪ್ಪು ಉತ್ತರ ಕೊಡುತ್ತದೆ, ನೀವು ಎಳೆದರೆ ಅದು ತೆರೆದುಕೊಳ್ಳುವುದೇ ಸರಿ. ಸ್ಟೇರಿಂಗ್‌ಗೆ ಹಾಕುವ ಕಬ್ಬಿಣದ ಬೀಗ ಹಳೆಯ ಕಾಲದ್ದೆಂದು ತಾತ್ಸಾರ ಬೇಡ. ಎಲೆಕ್ಟ್ರಾನಿಕ್ ಉಪಾಯದಿಂದ ಕಾರು ತೆರೆದವನಿಗೆ ಅದು ಕೈಕೆಲಸವನ್ನೂ ಶಬ್ದವನ್ನೂ ಹೆಚ್ಚಿಸುತ್ತದೆ. ಸ್ಟೇರಿಂಗ್ ಚಕ್ರದ ಬಳೆಯನ್ನು ಕತ್ತರಿಸಿದರೆ ಕೋಲಿನಂಥ ಬೀಗ ಕಳಚಿಬರುತ್ತದೆ, ಇಡೀ ಚಕ್ರವನ್ನು ಮುಚ್ಚುವ ಬಗೆ ಉತ್ತಮ.

ಚೀಲ, ಲ್ಯಾಪ್‌ಟಾಪ್‌ಗಳನ್ನು ಡಿಕ್ಕಿಗೆ ಹಾಕುವುದಿದ್ದರೆ ಹೊರಡುವ ಜಾಗದಲ್ಲೇ ಹಾಕಿಕೊಳ್ಳಿ. ನಿಲ್ಲಿಸಿದ ಮೇಲೆ ಹಾಕಿದರೆ ನೋಡುತ್ತಿರುವವನಿಗೆ ದಾರಿ ತೋರಿದಂತೆ. ‘ಟೈರ್ ಪಂಕ್ಚರ್ ಆಗಿದೆ’, ‘ಆಯಿಲ್ ಸೋರ್ತಿದೆ’ ಎಂದು ಯಾರಾದರೂ ಕೂಗಿದರೆ ಇಳಿಯುವ ಮೊದಲು ಎಂಜಿನ್ ಆಫ್ ಮಾಡಿ, ಕೀಲಿ ಕೈಯಲ್ಲಿಟ್ಟುಕೊಂಡು, ಎಲ್ಲ ಬಾಗಿಲಿಗೂ ಲಾಕ್ ಹಾಕಿ. ನೀವು ಟೈರ್ ನೋಡಲು ಬಗ್ಗಿದಾಗ ಆ ಕಡೆಯ ಬಾಗಿಲಿನಿಂದ ಚೀಲ ಹೋಗುತ್ತದೆ. ಮನೆಯ ಗೇಟಿನ ರಿಮೋಟ್ ಮತ್ತು ವಿಳಾಸವಿರುವ ಕಾಗದ ಎರಡೂ ಕಾರಿನಲ್ಲಿದ್ದರೆ, ಕಾರಿನ ಗಾಜು ಒಡೆದವನಿಗೆ ಮನೆಯ ಕೀಲಿಯೂ ಸಿಕ್ಕಂತೆ.

ಒಮ್ಮೆ ಕಳವಾದ ಮನೆಗೆ ಸ್ವಲ್ಪ ದಿನದಲ್ಲೇ ಮತ್ತೆ ಕಳ್ಳ ಬರುವುದು ಅಪರಾಧ ಅಧ್ಯಯನ ಮಾಡುವವರಿಗೆ ಚೆನ್ನಾಗಿ ಗೊತ್ತಿರುವ ವಿಷಯ. ದಾರಿ ಗೊತ್ತಿದೆ, ಕೋಣೆಗಳು ಗೊತ್ತಿವೆ, ಹೋದ ವಸ್ತುಗಳ ಜಾಗಕ್ಕೆ ಹೊಸವು ಬಂದಿರುತ್ತವೆ ಎಂಬ ಲೆಕ್ಕಾಚಾರವೂ ಇರುತ್ತದೆ. ಅಕ್ಕಪಕ್ಕದ ಮನೆಗಳಿಗೂ ಅದೇ ಅಪಾಯ, ಒಂದೇ ಬಡಾವಣೆಯಲ್ಲಿ ಒಬ್ಬನೇ ಗುತ್ತಿಗೆದಾರ ಹಾಕಿಸಿದ ಒಂದೇ ಬಗೆಯ ಬಾಗಿಲು, ಒಂದೇ ಬಗೆಯ ಪಟ್ಟಿ ಇರುತ್ತವೆ. ಹಾಗಾಗಿ ನಿಮ್ಮ ವರದಿಗಾರರು ಪೊಲೀಸರನ್ನು ಇನ್ನೊಂದು ಪ್ರಶ್ನೆ ಕೇಳಲಿ: ಯಾವ ಭಾಗ ಸೋತಿತು? ದಾರಂದದ ಪಟ್ಟಿ ಕಿತ್ತಿತು, ಹಿಂದಿನ ಕಿಟಕಿಯನ್ನು ಹಳಿಯಿಂದ ಎತ್ತಿದರು, ಮನೆಯವರೇ ಬಾಗಿಲು ತೆರೆದರು, ಹೀಗೆ ಒಂದು ಸಾಲು ಸಾಕು. ಬಳಸಿದ ಉಪಕರಣ ಎಂಥದು, ಅದು ಎಲ್ಲಿ ಸಿಗುತ್ತದೆ ಎಂಬ ವಿವರ ಬೇಡ. ಮನೆಯವರ ವಿಳಾಸ, ಅವರು ಎಂದು ಊರಿಗೆ ಹೋಗಿದ್ದರು, ಕಳ್ಳರಿಗೆ ಸಿಗದೆ ಉಳಿದ ಒಡವೆ ಎಲ್ಲಿತ್ತು ಎಂಬುದನ್ನೂ ದಯವಿಟ್ಟು ಅಚ್ಚು ಹಾಕಬೇಡಿ.

ಇತಿ,
ಬೀಗ ಮತ್ತು ಬಾಗಿಲು ಕೆಲಸದ ಕಸುಬುದಾರರು