ಮಿನರ್ವ ಸರ್ಕಲ್‌ನ ಆಟೋ ಅಣ್ಣನಿಗೆ ಥ್ಯಾಂಕ್ಸ್

ನಿನ್ನೆ ಸಂಜೆ ಮಳೆಯಲ್ಲಿ ಮಿನರ್ವ ಸರ್ಕಲ್ ಹತ್ತಿರ ನನ್ನ ಪುಟ್ಟ ಸ್ಕೂಟರ್ ನಿಂತೇ ಹೋಯಿತು. 100 ಕೆಜಿಯೂ ತೂಗದ ಗಾಡಿ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ನುಸುಳೋಕೆ ಇದಕ್ಕಿಂತ ಒಳ್ಳೇದಿಲ್ಲ. ಆದರೆ ಚಕ್ರ ಚಿಕ್ಕದು, ಇಂಜಿನ್ ನೆಲಕ್ಕೆ ಹತ್ತಿರ. ರಸ್ತೆಯಲ್ಲಿ ನೀರು ನಿಂತರೆ ಕಷ್ಟವೇ ಅಲ್ವಾ? ಸೆಲ್ಫ್ ಒತ್ತಿದರೆ ಬರೀ ಕರಕರ. ಹಿಂದಿನಿಂದ ಒಂದೇ ಸಮನೆ ಹಾರ್ನ್.

ನೀವು ಆಟೋ ನಿಲ್ಲಿಸಿ ಇಳಿದು ಬಂದಿರಿ. ಮೊದಲು ನನ್ನ ಲ್ಯಾಪ್‌ಟಾಪ್ ಬ್ಯಾಗನ್ನು ನಿಮ್ಮ ಸೀಟಿನ ಮೇಲಿಟ್ಟಿರಿ, ನೆನೆಯದಿರಲಿ ಅಂತ. ಆಮೇಲೆ ಪ್ಲಗ್ ಕ್ಯಾಪ್ ಕಿತ್ತು, ಊದಿ, ಒಣಬಟ್ಟೆಯಲ್ಲಿ ಒರೆಸಿದಿರಿ. "ಇದರೊಳಗೆ ನೀರು ಹೋದ್ರೆ ಕಿಡಿ ಬರಲ್ಲ ಮೇಡಂ, ಅಷ್ಟೇ" ಅಂದಿರಿ. ಎರಡನೇ ಕಿಕ್‌ಗೆ ಸ್ಟಾರ್ಟ್! ನಿಜ ಹೇಳಬೇಕೆಂದರೆ ನನಗೆ ಅಳುವೇ ಬಂತು. ದುಡ್ಡು ಕೊಡಲು ಹೋದರೆ "ಆಫ್ ಮಾಡ್ಬೇಡಿ, ಹೊರಡಿ ಹೊರಡಿ" ಅಂತ ಬ್ಯಾಗ್ ಕೈಗಿತ್ತಿರಿ.

ಥ್ಯಾಂಕ್ಸ್ ಅಣ್ಣ. ಊಟದ ಹೊತ್ತಿಗೆ ಮನೆಯಲ್ಲಿದ್ದೆ.